ಮೀನು ಸಾಕಣೆಯ ಕಸದಿಂದ ಎರೆಮಣ್ಣು ಪಳಗಿಸಿದ ಬಗೆ: ನನ್ನ ಅನುಭವ

ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣಿನ (ಕಪ್ಪು ಮಣ್ಣಿನ) ಮೇಲೆ ಒಂದು ತುಂಡು ದಾರಿ ಮಾಡಬೇಕಿತ್ತು. ಮೀನು, ಚಿಪ್ಪು ಸಾಕುವ ಕಡೆಯ ಕಸದಿಂದ ಆ ಮಣ್ಣು ಗಟ್ಟಿಯಾಗುತ್ತದೆ ಎಂದಾಗ ನಂಬಿದವರು ಕಡಿಮೆ. "ಕೊಳೆಯುವ ಸಾಮಾನು ತಂದು ರಸ್ತೆ ಕೆಳಗೆ ಹಾಕ್ತೀಯಾ?" ಅಂದವರೇ ಜಾಸ್ತಿ. ಈಗ ಆ ತುಂಡು ದಾರಿ ಮಳೆ, ಬಿಸಿಲು ಎರಡನ್ನೂ ಕಂಡಿದೆ. ಪಕ್ಕದ ನೆಲ ಕೈ ಹೋಗುವಷ್ಟು ಬಾಯಿಬಿಟ್ಟಿದೆ, ನನ್ನದು ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಹೇಳುವವು, ಸ್ವಲ್ಪ ಆಚೀಚೆ ಇರಬಹುದು.

ಮೊದಲು ಕೊಳದ ತಳದ ಹೂಳನ್ನು ಒಣಗಿಸಿ ಬೆರೆಸಿದೆ. ಅದರ ತುಂಬ ಉಳಿದ ಮೇವು, ಮೀನಿನ ಹಿಕ್ಕೆ. ಮಣ್ಣು ಇನ್ನೂ ಮೆತ್ತಗಾಯಿತು. ಜೊತೆಗೆ ಎರೆಮಣ್ಣನ್ನು ಗಟ್ಟಿ ಮಾಡುವ ಸುಣ್ಣ ಹಾಕಿದರೆ ಆ ಸಾವಯವ ಅಂಶ ಸುಣ್ಣವನ್ನೇ ನುಂಗಿತು. ಆಮೇಲೆ ಮೂಳೆ, ಹುರುಪೆ ಸುಟ್ಟೆ. ಬೂದಿ ಬೆಳ್ಳಗೆ ಬಂತು, ಆದರೆ ಅದು ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಮಣ್ಣಿನ ಜೊತೆ ಕೂಡುವ ಸುಣ್ಣ ಅದರಲ್ಲಿ ಸಿಗುವುದಿಲ್ಲ. ಸಿಬಿಆರ್ (ರಸ್ತೆ ಕೆಳಗಿನ ಮಣ್ಣು ಎಷ್ಟು ಭಾರ ತಡೆಯುತ್ತದೆ ಎನ್ನುವ ಅಳತೆ) ಕದಲಲೇ ಇಲ್ಲ, ಸೌದೆ ದುಡ್ಡು ಹೋಯಿತು. ಹಸಿ ಚಿಪ್ಪಿನ ಪುಡಿ ಹಾಕಿದಾಗ ಬಿರುಕು ತುಸು ಕಡಿಮೆಯಾಯಿತು, ಅಷ್ಟೇ. ಸುಡದ ಚಿಪ್ಪು ಮರಳಿನ ಕೆಲಸ ಮಾಡುತ್ತದೆ, ಸುಣ್ಣದ ಕೆಲಸ ಮಾಡುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ಸುಟ್ಟ ಚಿಪ್ಪು. 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡಬೇಕು. ತೂಕ ನೋಡಿದರೆ ಬೆಂದದ್ದು ಗೊತ್ತಾಗುತ್ತದೆ. 100 ಕಿಲೋ ಪೂರ್ತಿ ಬೆಂದರೆ 56 ಕಿಲೋ ಹತ್ತಿರ ಉಳಿಯುತ್ತದೆ. 65ರ ಮೇಲೆ ನಿಂತರೆ ಒಳಗೆ ಇನ್ನೂ ಹಸಿ. ಅತಿಯಾಗಿ ಬೆಂದದ್ದು ಇನ್ನೂ ಅಪಾಯ. ಅದು ನೀರಿನಲ್ಲಿ ತಕ್ಷಣ ಅರಳಿ ಪುಡಿಯಾಗುವುದಿಲ್ಲ. ತಿಂಗಳುಗಳ ನಂತರ ರೋಲರ್ ಹೊಡೆದ ಪದರದೊಳಗೆ ಅರಳಿ ಮೇಲ್ಮೈಯನ್ನು ಎಬ್ಬಿಸುತ್ತದೆ. ಒಂದು ಪ್ಯಾಚ್ ಹಾಗೇ ಹೋಯಿತು. ಗೂಡಿನಲ್ಲಿ ಚಿಪ್ಪು, ಇದ್ದಿಲು ಜೋಡಿಸುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಈಗ ಸಮನಾಗಿ ಬೇಯುವುದು ಅದರಿಂದಲೇ. ಆ ಕ್ರಮ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೆಂದ ಚಿಪ್ಪನ್ನು ನೀರಿನಲ್ಲಿ ಅರಳಿಸಿ, 425 ಮೈಕ್ರಾನ್ ಜರಡಿ ಹಿಡಿದು, ಗಾಳಿಯಾಡದ ಡ್ರಮ್ಮಿನಲ್ಲಿ ಇಡಿ. ಚೀಲದಲ್ಲಿಟ್ಟರೆ ಗಾಳಿ ಕುಡಿದು ಮತ್ತೆ ಚಿಪ್ಪಿನ ಪುಡಿಯೇ ಆಗುತ್ತದೆ, ಸುಡಲು ಹಾಕಿದ ದುಡ್ಡು ನೀರಿನಲ್ಲಿ ಹೋಮ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಲೇಬೇಡಿ.

ಎಷ್ಟು ಹಾಕಬೇಕು ಅನ್ನುವುದನ್ನು ಪಿಎಚ್ (ಕ್ಷಾರ ಎಷ್ಟಿದೆ ಎನ್ನುವ ಅಳತೆ) ನೋಡಿ ಗೊತ್ತುಮಾಡಿದೆ. ಮಣ್ಣು-ಸುಣ್ಣದ ನೀರು 12.4 ಮುಟ್ಟುವ ಅತಿ ಕಡಿಮೆ ಪ್ರಮಾಣ ನನ್ನ ಮಣ್ಣಿಗೆ 5% ಇತ್ತು. ಕೆಲಸದ ಜಾಗದಲ್ಲಿ 6% ಹಾಕಿದೆ. ಬೆರೆಸಿ ಒಂದು ದಿನ ತೇವದಲ್ಲಿ ಬಿಟ್ಟು, ಮತ್ತೆ ಕಲಸಿ, ಆಮೇಲೆ ರೋಲರ್. ಈ ಒಂದು ದಿನವನ್ನು ಉಳಿಸಲು ಹೋಗಬೇಡಿ, ಹೆಂಟೆ ಪುಡಿಯಾಗುವುದೇ ಆಗ. ಮಣ್ಣಿನ ಜಿಗುಟುತನ ಹೇಳುವ ಪ್ಲಾಸ್ಟಿಸಿಟಿ ಇಂಡೆಕ್ಸ್ 35ರಿಂದ 14ಕ್ಕೆ ಬಂತು. ನೀರಿನಲ್ಲಿ ನಾಲ್ಕು ದಿನ ನೆನೆಸಿದ ಸಿಬಿಆರ್ 2 ಇದ್ದದ್ದು 20 ದಾಟಿತು. ಅನುಮಾನ ಪಟ್ಟ ಎಂಜಿನಿಯರೇ ಪರೀಕ್ಷೆಯ ಮಣ್ಣಿನ ಅಚ್ಚನ್ನು ಇನ್ನೊಮ್ಮೆ ಒತ್ತಿಸಿ ನೋಡಿದರು, ಮತ್ತೆ ಅದೇ ಬಂತು.

ಚಿಪ್ಪು ಪುಕ್ಕಟೆ, ಆದರೆ ಕೆಲಸ ಪುಕ್ಕಟೆ ಅಲ್ಲ. ಖರ್ಚಿನ ಅರ್ಧಕ್ಕಿಂತ ಜಾಸ್ತಿ ಇದ್ದಿಲಿಗೇ ಹೋಯಿತು, ಉಳಿದದ್ದರಲ್ಲಿ ಸಾಗಣೆ ದೊಡ್ಡದು. ಚಿಪ್ಪಿನ ರಾಶಿ ದೂರ ಇದ್ದರೆ ಅಂಗಡಿ ಸುಣ್ಣವೇ ಅಗ್ಗ, ಸುಮ್ನೆ ಹಠ ಮಾಡಬೇಡಿ. ಹತ್ತಿರ ಇದ್ದದ್ದರಿಂದ ನನಗೆ ಕೊಂಡ ಸುಣ್ಣದ ಮುಕ್ಕಾಲು ಖರ್ಚಿನಲ್ಲಿ ಮುಗಿಯಿತು. ಎರೆಮಣ್ಣು ಅಗೆದು ತೆಗೆದು ಬೇರೆ ಮಣ್ಣು ತುಂಬುವುದಕ್ಕೆ ಹೋಲಿಸಿದರೆ ಮೂರನೇ ಒಂದು ಪಾಲೂ ಆಗಲಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಚಿಪ್ಪನ್ನು ವಿನೆಗರ್‌ನಲ್ಲಿ ಕರಗಿಸಿ, ಯೂರಿಯಾ ಮತ್ತು ಸೋಯಾ ಹಿಟ್ಟಿನ ತಿಳಿ ಸೇರಿಸಿ ಮರಳಿಗೆ ಸುರಿದೆ. ಮರಳು ಕಲ್ಲಿನಂತೆ ಕೂಡಿಕೊಂಡಿತು, ಕಂಡು ಕುಣಿದಾಡಿಬಿಟ್ಟೆ! ಎರೆಮಣ್ಣಿನಲ್ಲಿ ಮಾತ್ರ ಆಗಲಿಲ್ಲ. ಅದರ ಸಂದುಗಳು ತೀರಾ ಸಣ್ಣವು, ದ್ರಾವಣ ಒಳಗೆ ಇಳಿಯುವುದೇ ಇಲ್ಲ. ಅಮೋನಿಯಾ ವಾಸನೆಯೂ ತಡೆಯಲಾಗದು.

ಮಾಡುವವರು ಎರಡು ವಿಷಯ ಮೊದಲೇ ನೋಡಿಕೊಳ್ಳಿ. ಸಮುದ್ರದ ಚಿಪ್ಪಾದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉಪ್ಪು ಉಳಿದರೆ ಹತ್ತಿರದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮಣ್ಣಿನಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ಯಾವ ಸುಣ್ಣವನ್ನೂ ಹಾಕಬೇಡಿ. ಎರಡೂ ಕೂಡಿ ಎಟ್ರಿಂಗೈಟ್ ಎಂಬ ಹರಳು ಬೆಳೆದು ನೆಲ ಉಬ್ಬುತ್ತದೆ. ಈಗ ಭತ್ತದ ಹೊಟ್ಟಿನ ಬೂದಿ ಸೇರಿಸಿ ಸುಣ್ಣವನ್ನು 4%ಗೆ ಇಳಿಸಲು ನೋಡುತ್ತಿದ್ದೇನೆ. 7 ದಿನದ ಅಚ್ಚುಗಳು ಚೆನ್ನಾಗಿ ಬಂದಿವೆ, 28 ದಿನದವು ಇನ್ನೂ ಒತ್ತಿಸಬೇಕು.