ಘಟ್ಟ ಹತ್ತುವಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂಪಾಗಿರಲಿ

ಅಂಕೋಲಾದಿಂದ ಹುಬ್ಬಳ್ಳಿಗೆ ಹೊರಟ ಲೋಡ್ ಲಾರಿಗೆ ಅರಬೈಲ್ ಘಟ್ಟ, ಕುಮಟಾದಿಂದ ಶಿರಸಿಗೆ ಹೊರಟದ್ದಕ್ಕೆ ದೇವಿಮನೆ ಘಟ್ಟ. ಪೂರ್ತಿ ಭಾರ, ಕಡಿಮೆ ವೇಗ, ಮುಂದೆ ಗಾಡಿಗಳ ಸಾಲು. ಗೇರ್‌ಬಾಕ್ಸ್ ಬಿಸಿಯೇರುವುದು ಇಂಥಲ್ಲೇ.

ಮೊದಲು ನಿಮ್ಮ ಗಾಡಿ ಯಾವ ಬಗೆಯದು ನೋಡಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಲ್ಲ. ಎಎಂಟಿಯ (ಗೇರ್ ತಾನೇ ಬದಲಾಗುವ ಮ್ಯಾನುಯಲ್ ಗೇರ್‌ಬಾಕ್ಸ್) ಒಳಗೆ ಮಾಮೂಲಿ ಕ್ಲಚ್ಚೇ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್ ಬಗ್ಗೆ. ಅದರಲ್ಲಿ ಎಂಜಿನ್ನಿನ ಬಲ ಆಯಿಲ್ ಮೂಲಕ ದಾಟುತ್ತದೆ. ಎಂಜಿನ್ ಜೋರಾಗಿ ತಿರುಗಿ ಗಾಡಿ ಮಾತ್ರ ತೆವಳಿದರೆ, ಮಜ್ಜಿಗೆ ಕಡೆದ ಹಾಗೆ ಆಯಿಲ್ ಕಡೆಯುತ್ತದೆ, ಕಾಯುತ್ತದೆ. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ ಲಾಕಪ್ ಕ್ಲಚ್ ಹಿಡಿದಾಗ ಈ ಜಾರಾಟ ನಿಲ್ಲುತ್ತದೆ. ಹಾಗಾಗಿ ಆಯಿಲ್ ತಂಪು ಮಾಡುವ ಹೊಸ ಕೂಲರ್‌ಗೆ ದುಡ್ಡು ಹಾಕುವ ಮೊದಲು ಓಡಿಸುವ ರೀತಿ ಸರಿಯಾಗಬೇಕು.

ಏರು ಶುರುವಾಗುವ ಮೊದಲೇ ಕೆಳಗಿನ ಗೇರ್ ಆರಿಸಿ. ಗೇರ್ ಪದೇ ಪದೇ ಬದಲಾಗದೆ ಲಾಕಪ್ ಹಿಡಿದಿರಲಿ. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕ್ ಒತ್ತಿ. ಆಕ್ಸಿಲರೇಟರ್ ಒತ್ತಿಕೊಂಡೇ ಗಾಡಿ ಹಿಡಿದಿಡುವುದು ತುಂಬಾ ಕೆಟ್ಟ ಅಭ್ಯಾಸ. ಗೇರ್‌ಬಾಕ್ಸಿನಲ್ಲೇ ರಿಟಾರ್ಡರ್ (ಇಳಿಜಾರಿನಲ್ಲಿ ಗಾಡಿಯ ವೇಗ ತಗ್ಗಿಸುವ ಸಾಧನ) ಇದ್ದರೆ ಇಳಿಯುವಾಗಲೂ ಆಯಿಲ್ ಕಾಯುತ್ತದೆ, ಅದು ನೆನಪಿರಲಿ.

ಆಮೇಲೆ ಕೂಲರ್. ಹಲವು ಗಾಡಿಗಳಲ್ಲಿ ರೇಡಿಯೇಟರ್ ಮುಂದೆ ಗಾಳಿಯ ಕೂಲರ್ ಇರುತ್ತದೆ. ಬೇಸಿಗೆಯ ಕೆಂಪು ಧೂಳು, ಮಳೆಗಾಲದ ರಾಡಿ ಎರಡೂ ಅದರ ರೆಕ್ಕೆಗಳ ನಡುವೆ ಕೂತುಬಿಡುತ್ತವೆ. ಎಂಜಿನ್ ತಣ್ಣಗಾದ ಮೇಲೆ ಹಿಂಬದಿಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಗಾಳಿಯೇ ಆಡುವುದಿಲ್ಲ. ಕಾರವಾರದ ಕಡೆ ಉಪ್ಪುಗಾಳಿಗೆ ಕಬ್ಬಿಣದ ಪೈಪುಗಳು ಬೇಗ ತುಕ್ಕು ಹಿಡಿಯುತ್ತವೆ. ಕ್ಲ್ಯಾಂಪ್ ಕೆಳಗೆ ಬೆರಳಾಡಿಸಿ ಜಿಡ್ಡು ಇದೆಯಾ ನೋಡಿ.

ಹೆಚ್ಚುವರಿ ಕೂಲರ್ ಕೂರಿಸುವುದಾದರೆ ಆಯಿಲ್ ಮೊದಲು ರೇಡಿಯೇಟರ್ ಒಳಗಿನ ಕೂಲರ್ ದಾಟಿ, ನಂತರ ಹೊಸದಕ್ಕೆ ಬಂದು, ಅಲ್ಲಿಂದ ಗೇರ್‌ಬಾಕ್ಸಿಗೆ ಮರಳಲಿ. ಬಿಸಿ ಆಯಿಲ್‌ಗೆಂದೇ ಮಾಡಿದ ಹೋಸ್ ಬಳಸಿ, ನೀರಿನ ಪೈಪ್ ಬೇಡ.

ಆಯಿಲ್ ಮಟ್ಟವನ್ನು ಗಾಡಿಯ ಕೈಪಿಡಿ ಹೇಳಿದಂತೆಯೇ ನೋಡಿ. ಕಡಿಮೆಯಾದರೂ, ಜಾಸ್ತಿಯಾಗಿ ನೊರೆ ಬಂದರೂ ಬಿಸಿ ಏರುತ್ತದೆ. ಆಯಿಲ್ ಬಿಸಿ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. 120 ದಾಟಿದರೆ ಆಯಿಲ್ ಬೇಗ ಹಾಳಾಗುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಕಂದು ಬಣ್ಣ, ಸುಟ್ಟ ವಾಸನೆ ಬಂದರೆ ಬದಲಿಸಲೇಬೇಕು.

ಘಟ್ಟದ ನಡುವೆ ಗೇರ್‌ಬಾಕ್ಸ್ ಬಿಸಿಯ ಎಚ್ಚರಿಕೆ ದೀಪ ಉರಿದರೆ ಅಗಲ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮಾರು 1,200 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಓಡಲಿ. ತಕ್ಷಣ ಆಫ್ ಮಾಡಿದರೆ ಆಯಿಲ್ ಕೂಲರ್‌ಗೆ ಹರಿಯುವುದೇ ನಿಲ್ಲುತ್ತದೆ. ಎಂಜಿನ್ ನೀರಿನ ಮುಳ್ಳೂ ಕೆಂಪಿಗೆ ಹೋಗಿದ್ದು ಇಳಿಯದಿದ್ದರೆ ಮಾತ್ರ ಎಂಜಿನ್ ಆಫ್ ಮಾಡಿ. ಆಯಿಲ್ ಹಾಲು ಬೆರೆಸಿದಂಥ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಕೂಲಂಟ್ ಸೇರಿದೆ ಎಂದರ್ಥ. ಆಗ ಮುಂದೆ ಓಡಿಸದೆ ಟೋ ಮಾಡಿಸಿ.