ಲಕ್ವ ರೋಗಿಯ ಸಿಬಿಸಿ (ರಕ್ತಕಣಗಳ ಎಣಿಕೆ): ನನ್ನ ಅನುಭವ

"250 ರೂಪಾಯಿ ಸಿಬಿಸಿ ನೋಡಿ ಲಕ್ವ ಹೊಡೆದವರ ಕೈಕಾಲು ಬರುತ್ತೋ ಇಲ್ವೋ ಹೇಳ್ತೀರಾ?" ಅಂತ ನಮ್ಮ ಸೀನಿಯರ್ ಕೇಳಿದ್ದರು. ಈಗ ರೌಂಡ್ಸ್‌ನಲ್ಲಿ ಅವರೇ "ರೇಶಿಯೋ ಎಷ್ಟು ಬಂತು?" ಅಂತಾರೆ.

ನಾನು ನೋಡುವುದು ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತ, ಅಂದರೆ ಎರಡು ಬಗೆಯ ಬಿಳಿ ರಕ್ತಕಣಗಳಲ್ಲಿ ಒಂದು ಇನ್ನೊಂದರ ಎಷ್ಟು ಪಟ್ಟು ಅನ್ನೋದು. ಅದೂ ಕ್ಲಾಟ್ ಕರಗಿಸುವ ಇಂಜೆಕ್ಷನ್ ಕೊಟ್ಟವರಲ್ಲಿ ಮಾತ್ರ. ಮೊದಲ ವರ್ಷದ ಲೆಕ್ಕ ಪೂರ್ತಿ ಹಾಳಾಯ್ತು. ಅಡ್ಮಿಷನ್ ಹೊತ್ತಿನ ಒಂದೇ ಸಂಖ್ಯೆ ಹಿಡಿದು ಕೂತಿದ್ದೆ. ಒಬ್ಬರು 1 ಗಂಟೆಯೊಳಗೆ ಬರ್ತಾರೆ, ಇನ್ನೊಬ್ಬರು 4 ಗಂಟೆ ಕಳೆದು. ಅಷ್ಟರಲ್ಲಿ ನ್ಯೂಟ್ರೋಫಿಲ್ ಏರಿರುತ್ತೆ, ಇಬ್ಬರನ್ನೂ ಹೋಲಿಸೋದು ಹೇಗೆ? ಉಬ್ಬಸಕ್ಕೆ ಸ್ಟೀರಾಯ್ಡ್ ತಗೊಳ್ತಿದ್ದವರು, ಮೂತ್ರದ ಸೋಂಕು ಇದ್ದವರು ಎಲ್ಲರೂ ಲೆಕ್ಕದಲ್ಲಿ ಸೇರಿಬಿಟ್ಟಿದ್ದರು. ಅವುಗಳಿಂದಲೂ ನ್ಯೂಟ್ರೋಫಿಲ್ ಏರುತ್ತೆ.

ಆಮೇಲೆ ಎರಡು ಸಲ ರಕ್ತ ತೆಗೆಸೋಕೆ ಶುರು ಮಾಡಿದೆ. ಇಂಜೆಕ್ಷನ್‌ಗೆ ಮುಂಚೆ ಒಂದು, 24 ಗಂಟೆಗೆ ತಲೆಯ ಸಿಟಿ ಸ್ಕ್ಯಾನ್ ಆದ ಕೂಡಲೇ ಇನ್ನೊಂದು. ನಡುವಿನ ಏರಿಕೆಯೇ ಮುಖ್ಯ. ಎರಡನೇ ಸಿಬಿಸಿಯ ಖರ್ಚು ನಾನೇ ಕೊಟ್ಟೆ. ಸುಮಾರು 40 ಜನಕ್ಕೆ 10 ಸಾವಿರದ ಹತ್ತಿರ ಆಯ್ತು. ಇಂಜೆಕ್ಷನ್‌ಗೇ ಹತ್ತಾರು ಸಾವಿರ ಹೊಂದಿಸಿದ ಮನೆಯವರ ಹತ್ತಿರ ಮತ್ತೆ ಕೇಳಲು ಮನಸ್ಸು ಬರಲಿಲ್ಲ.

ನಡುವೆ ಪ್ಲೇಟ್‌ಲೆಟ್-ಲಿಂಫೋಸೈಟ್ ಅನುಪಾತವನ್ನೂ ನೋಡಿದೆ. ನನಗೆ ಅದರಿಂದ ಏನೂ ಗೊತ್ತಾಗಲಿಲ್ಲ. ಆದರೆ ಒಬ್ಬರ ಪ್ಲೇಟ್‌ಲೆಟ್ 60 ಸಾವಿರ ಅಂತ ಬಂದಾಗ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಮೈಕ್ರೋಸ್ಕೋಪಿನಲ್ಲಿ ನೋಡಿದೆ, ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು, ಅದಕ್ಕೇ ಮೆಷಿನ್ ಕಡಿಮೆ ಎಣಿಸಿತ್ತು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆಸಿ, ಅದರ ದ್ರವದಿಂದ ರಕ್ತ ತೆಳುವಾಗುವುದಕ್ಕೆ 1.1ರಿಂದ ಗುಣಿಸಿದರೆ 2 ಲಕ್ಷ ದಾಟಿತು. ಅಂದಿನಿಂದ ಅನುಮಾನ ಬಂದರೆ ಸ್ಮಿಯರ್ ನೋಡದೆ ಬಿಡಲ್ಲ.

ಅನುಪಾತ ಜಾಸ್ತಿ ಏರದವರಲ್ಲಿ ಹೆಚ್ಚಿನವರು 3 ತಿಂಗಳಲ್ಲಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡರು. ಎಷ್ಟು ಏರಿದರೆ ಎಚ್ಚರವಾಗಬೇಕು ಅನ್ನುವ ನನ್ನ ಗಡಿ ಇಲ್ಲಿ ಹೇಳಲ್ಲ. ಅದು ನಮ್ಮ ಮೆಷಿನ್‌ಗೆ ಕೂತ ಗಡಿ. ನಿಮ್ಮ ಗಡಿ ನಿಮ್ಮ ರೋಗಿಗಳಿಂದಲೇ ಸಿಗಬೇಕು.

60 ವರ್ಷ ದಾಟಿದ ರೈತರೊಬ್ಬರಿಗೆ ಅನುಪಾತ 3 ಇದ್ದದ್ದು ಮರುದಿನ 9 ಆಯ್ತು. ಸಿಟಿಯಲ್ಲಿ ರಕ್ತಸ್ರಾವ ಇಲ್ಲ, ಜ್ವರವೂ ಇಲ್ಲ. ಮನಸ್ಸು ತಡೆಯದೆ ಮತ್ತೆ ವಾರ್ಡಿಗೆ ಹೋದೆ. ಮಂಚದ ಪಕ್ಕ ಸ್ಟೀಲ್ ಲೋಟ, ತಳದಲ್ಲಿ ಸ್ವಲ್ಪ ಕಾಫಿ. "ಬಾಯಿ ಒಣಗ್ತಿತ್ತು ಸಾರ್, ಎರಡು ಗುಟುಕು ಅಷ್ಟೇ ಕುಡಿಸಿದೆ" ಅಂದರು ಅವರ ಹೆಂಡತಿ. ಸ್ಟೆತ್ ಇಟ್ಟರೆ ಬಲಗಡೆ ಕೆಳಗೆ ಕರಕರ ಸದ್ದು. ಎಕ್ಸ್‌ರೇಯಲ್ಲೂ ನ್ಯುಮೋನಿಯಾ ಕಾಣಿಸಿತು. ಲಕ್ವದಲ್ಲಿ ನುಂಗೋದು ಸರಿಯಾಗದಿದ್ದರೆ ಕುಡಿದದ್ದು ಶ್ವಾಸಕೋಶಕ್ಕೆ ಇಳಿಯುತ್ತೆ. ಬಾಯಿಂದ ಕೊಡುವುದು ನಿಲ್ಲಿಸಿ ಮೂಗಿನ ಟ್ಯೂಬ್ ಹಾಕಿದೆವು, ಆಂಟಿಬಯಾಟಿಕ್ ಶುರು ಮಾಡಿದೆವು. 3 ತಿಂಗಳಿಗೆ ಕೋಲು ಹಿಡಿದು ಓಪಿಡಿಗೆ ನಡೆದು ಬಂದರು. ರ‍್ಯಾಂಕಿನ್ 2, ಅಂದರೆ ಸ್ವಲ್ಪ ತೊಂದರೆ ಉಳಿದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರು.