ಕತ್ತಿನ ನಂಬರ್ ಓದಿ ಕುದುರೆ ಬಿಡಿಸಿದ ಲೆಕ್ಕ

ಕಸಾಯಿಖಾನೆ ದಾರಿ ಹಿಡಿದು ಹರಾಜಿಗೆ ಬಂದ ಕುದುರೆಯ ಹಳೇ ಯಜಮಾನನಿಗೆ ಫೋನ್ ಮಾಡಿದರೆ, ಅದನ್ನು ಬಿಡಿಸಲು ಅವನು ದುಡ್ಡು ಕೊಡುತ್ತಾನಾ? ಎರಡು ಮೂರು ವರ್ಷದ ಹಿಂದೆ ನಾನು ಈ ಮಾತು ತೆಗೆದಾಗ ಇಂಥ ಕುದುರೆ ಬಿಡಿಸುವ ನಮ್ಮ ಗುಂಪಿನಲ್ಲಿ ಎಲ್ಲರೂ ನಕ್ಕರು. "ಬೇಡ ಅಂತಲೇ ಮಾರಿರೋನು, ಮತ್ಯಾಕೆ ಕೈಯಿಂದ ಹಾಕ್ತಾನೆ ಸ್ವಾಮಿ?" ಅಂದರು. ಈಗ ಅದೇ ಜನ ಸೋಮವಾರ ಬೆಳಿಗ್ಗೆ ನನಗೆ ಕುದುರೆ ಕತ್ತಿನ ಫೋಟೋ ಕಳಿಸಿ "ಇದು ಯಾರದು ನೋಡಿ" ಅನ್ನುತ್ತಾರೆ. ಹಾಗಾಗಿ ಬರೆದು ಹಾಕೋಣ ಅನ್ನಿಸಿತು.

ನಾನಿರುವುದು ನ್ಯೂಜೆರ್ಸಿ. ಹೋಗುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಸೋಮವಾರದ ಹರಾಜಿಗೆ. ಅಮೆರಿಕದಲ್ಲಿ ಕುದುರೆ ಕಡಿಯುವ ಕೊನೆಯ ಮೂರು ಕಾರ್ಖಾನೆಗಳು 2007ರಲ್ಲೇ ಮುಚ್ಚಿದವು, ಎರಡು ಟೆಕ್ಸಾಸ್‌ನಲ್ಲಿ, ಒಂದು ಇಲಿನಾಯ್‌ನಲ್ಲಿ. ಆದರೆ ಗಡಿ ದಾಟಿಸುವುದಕ್ಕೆ ತಡೆ ಇಲ್ಲ. ಟೆಕ್ಸಾಸ್ ಕಡೆಯವು ಮೆಕ್ಸಿಕೋಗೆ, ನಮ್ಮ ಕಡೆಯವು ಕೆನಡಾದ ಕ್ವಿಬೆಕ್‌ಗೆ. ಲ್ಯಾಂಕಾಸ್ಟರ್‌ನಿಂದ ಕ್ವಿಬೆಕ್ ಗಡಿ ಅಂದರೆ ಲಾರಿಗೆ ಒಂದು ಹಗಲಿನ ದಾರಿ. ನೀರು ಮೇವು ಇಲ್ಲದೆ 28 ಗಂಟೆವರೆಗೆ ಸಾಗಿಸಲು ಫೆಡರಲ್ ನಿಯಮವೇ ಬಿಟ್ಟಿದೆ, ಅಷ್ಟರೊಳಗೆ ಆರಾಮಾಗಿ ತಲುಪುತ್ತದೆ. 2010ರಲ್ಲಿ ಹೀಗೆ ಹೊರಗೆ ಹೋದವು ಸುಮಾರು 1,38,000. ಈಗ ವರ್ಷಕ್ಕೆ 20,000ದ ಆಸುಪಾಸು. ಇಳಿದಿದ್ದಕ್ಕೆ ಯುರೋಪಿನವರು ಮೆಕ್ಸಿಕೋ ಮಾಂಸ 2015ರಲ್ಲಿ ನಿಲ್ಲಿಸಿದ್ದೂ ಕಾರಣ. 2017ರಿಂದ ಅಮೆರಿಕದ ಕುದುರೆಯನ್ನು ಕೆನಡಾದಲ್ಲಿ ಆರು ತಿಂಗಳು ಮೇಯಿಸಿದ ಮೇಲೆಯೇ ಯುರೋಪಿಗೆ ಮಾಂಸ ಕಳಿಸಬೇಕು ಅಂತ ಪಟ್ಟು ಹಿಡಿದದ್ದೂ ಕಾರಣ. ರಫ್ತನ್ನೇ ನಿಲ್ಲಿಸುವ ಸೇಫ್ ಕಾಯ್ದೆ ವಾಷಿಂಗ್ಟನ್‌ನಲ್ಲಿ ಎಷ್ಟು ಸಲ ಮಂಡನೆಯಾಯಿತೋ! ಅದು ಪಾಸಾಗುವವರೆಗೆ ಸುಮ್ನೆ ಕೂರಕ್ಕಾಗಲ್ಲ, ಅಲ್ವಾ?

ಮೊದಲು ನಾವೂ ಎಲ್ಲರ ಹಾಗೆ 'ಬೇಲ್', ಅಂದರೆ ಬಿಡುಗಡೆಯ ದುಡ್ಡು, ಕಟ್ಟುತ್ತಿದ್ದೆವು. ನಿಮಗೆ ಗೊತ್ತಿರುವ ಆಟವೇ. ಮಾಂಸದ ವ್ಯಾಪಾರಿಗಳು ಹರಾಜಲ್ಲಿ ಆರುನೂರು ಡಾಲರಿಗೆ ಹಿಡಿದ ಕುದುರೆಯ ವಿಡಿಯೋ ಹಾಕಿ, "ಶುಕ್ರವಾರ ಲಾರಿ ಹೊರಡುತ್ತೆ, 1,300 ಕೊಟ್ಟರೆ ಬಿಡ್ತೀವಿ" ಅನ್ನುತ್ತಾರೆ. ಜನ ಅಳುತ್ತಾ ದುಡ್ಡು ಹಾಕುತ್ತಾರೆ. ಆ ಲಾಭದಲ್ಲಿ ವ್ಯಾಪಾರಿ ಮುಂದಿನ ಸೋಮವಾರ ಎರಡು ಕುದುರೆ ಹಿಡಿಯುತ್ತಾನೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪುಳಿಯೋಗರೆ ಮಾರಿ ಎತ್ತಿದ ದುಡ್ಡು ಹೀಗೆ ಒಂದೇ ವಾರದಲ್ಲಿ ಖಾಲಿಯಾಯಿತು. ಬಂದ ಕುದುರೆಗೆ ಸ್ಟ್ರಾಂಗಲ್ಸ್ ಅನ್ನುವ ಅಂಟುರೋಗ ಬೇರೆ. ದವಡೆ ಕೆಳಗಿನ ಗಡ್ಡೆ ಒಡೆದು ಕೀವು ಸುರಿಯುವಾಗ ಲಾಯದ ಯಜಮಾನ ನನ್ನ ಮುಖ ನೋಡಿದ ರೀತಿ ಬೇಡ ಬಿಡಿ. ಬೇಲ್, ಸಾಗಣೆ, ಎರಡು ತಿಂಗಳ ಕ್ವಾರಂಟೈನು, ಡಾಕ್ಟರು, ಲಾಳದವನು ಎಲ್ಲ ಸೇರಿ ಒಂದೊಂದಕ್ಕೆ ಮೂರು ಸಾವಿರದ ಹತ್ತಿರ. ಹೆಂಡತಿ ಮೇಜಿನ ಮೇಲೆ ಕ್ರೆಡಿಟ್ ಕಾರ್ಡ್ ಬಿಲ್ ಇಟ್ಟು ಏನೂ ಮಾತಾಡದೆ ಹೋದಳು.

ಆಮೇಲೆ ಹರಾಜಿನಲ್ಲೇ ಕೂಗಿ ನೋಡಿದೆ. ಮಾಂಸದ ವ್ಯಾಪಾರಿಗೆ ತೂಕದ ಲೆಕ್ಕ. ಪೌಂಡಿಗೆ ಅರವತ್ತು ಎಪ್ಪತ್ತು ಸೆಂಟ್ ದಾಟಿದರೆ ಅವನು ನಿಲ್ಲಬೇಕು. ಅಂದರೆ ಸಾವಿರ ಪೌಂಡಿನ ಕುದುರೆ ಏಳುನೂರರ ಒಳಗೆ ಸಿಗಬೇಕು. ಸಿಗುತ್ತದೆ, ಆದರೆ ನೀವು ಯಾರು ಅಂತ ಗೊತ್ತಾಗುವವರೆಗೆ ಮಾತ್ರ. ಮುಖ ಪರಿಚಯವಾದ ಮೇಲೆ ಬೇಕಂತಲೇ ಏರಿಸುತ್ತಾರೆ. ಇದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಎಲ್ಲಿ ನಿಲ್ಲುತ್ತೇನೆ, ಯಾರ ಕೈಲಿ ಕೂಗಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ವಾರ ಅದು ಕೆಲಸಕ್ಕೆ ಬರಲ್ಲ.

ಇನ್ನು ಕತ್ತಿನ ವಿಷಯ. ಲ್ಯಾಂಕಾಸ್ಟರ್ ಅಂದರೆ ಆಮಿಷ್ ಜನರ ಊರು, ಕಾರು ಇಟ್ಟುಕೊಳ್ಳದೆ, ಮನೆಯೊಳಗೆ ಫೋನೂ ಇಲ್ಲದೆ ಹಳೇ ಕಾಲದ ಹಾಗೆ ಬದುಕುವ ಕ್ರೈಸ್ತ ಪಂಗಡ. ಅವರ ಗಾಡಿ ಎಳೆಯುವುದು ಹೆಚ್ಚಾಗಿ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ಕುದುರೆ. ಹಾರ್ನೆಸ್ ರೇಸ್ (ಹಿಂದೆ ಸಣ್ಣ ಗಾಡಿ ಕಟ್ಟಿ ಓಡಿಸುವ ಪಂದ್ಯ) ಓಡಿ ಸುಸ್ತಾದ ಮೇಲೆ ಗಾಡಿಗೆ ಬಂದು, ಕಾಲು ಹೋದ ಮೇಲೆ ಹರಾಜಿಗೆ ಬರುತ್ತವೆ. ಈಚೆಗೆ ಹುಟ್ಟಿದವಕ್ಕೆ ಮೈಕ್ರೋಚಿಪ್. ಅದಕ್ಕೂ ಹಳೆಯದಕ್ಕೆ ಬಲಗಡೆ ಕತ್ತಿನಲ್ಲಿ, ಜೂಲಿನ ಕೆಳಗೆ ಫ್ರೀಜ್ ಬ್ರ್ಯಾಂಡ್, ಅಂದರೆ ಕೊರೆಯುವ ತಣ್ಣನೆಯ ಅಚ್ಚು ಒತ್ತಿ ಬಿಳಿ ಕೂದಲಿನ ಗೆರೆಗಳಾಗಿ ಮೂಡಿಸಿದ ನಂಬರ್. ಅದನ್ನು ಓದಿದರೆ ಅಮೆರಿಕದ ಟ್ರಾಟಿಂಗ್ ಅಸೋಸಿಯೇಷನ್ ದಾಖಲೆಯಲ್ಲಿ ಕುದುರೆಯ ಹೆಸರು, ಹುಟ್ಟಿದ ವರ್ಷ, ಸಾಕಿದವರು ಎಲ್ಲ ಬಿಚ್ಚಿಕೊಳ್ಳುತ್ತದೆ.

ಓದುವುದೇ ಕಷ್ಟ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋಗಬೇಕು. ಲಾಯದಲ್ಲಿ ಬೆಳಕಿಲ್ಲ, ಕುದುರೆ ಒತ್ತೊತ್ತಾಗಿ ಕಟ್ಟಿರುತ್ತಾರೆ, ಜೂಲು ಕೆಸರಿನಲ್ಲಿ ಅಂಟಿರುತ್ತದೆ. ಚಳಿಗಾಲದ ಕೂದಲಿನಲ್ಲಂತೂ ಗುರುತು ಮುಳುಗಿಯೇ ಹೋಗಿರುತ್ತದೆ. ನಾನು ಮಾಡುವುದು ಇಷ್ಟು. ಜೂಲು ಎಡಕ್ಕೆ ಎತ್ತಿ ಹಾಕಿ, ಸಣ್ಣ ಸ್ಪ್ರೇ ಬಾಟಲಿಯಿಂದ ರಬ್ಬಿಂಗ್ ಆಲ್ಕೋಹಾಲ್ ಹೊಡೆದು, ಅಂಗೈಯಿಂದ ಕೂದಲು ಹರಿದ ದಿಕ್ಕಿಗೆ ಒತ್ತಿ ಸವರುವುದು. ಕಂದು ಕೂದಲು ಮೈಗಂಟುತ್ತದೆ, ಬಿಳಿ ಗೆರೆ ಮೇಲೆ ತೇಲುತ್ತದೆ. ಆಗ ಟಾರ್ಚನ್ನು ಎದುರಿಂದ ಬಿಡದೆ ಪಕ್ಕದಿಂದ ಬಿಟ್ಟು ಮೂರು ನಾಲ್ಕು ಫೋಟೋ. ಒಂದು ಗೆರೆ ಆಚೆ ಈಚೆ ಆದರೆ ಬೇರೆ ಯಾವುದೋ ಕುದುರೆಯ ಹೆಸರು ಬರುತ್ತದೆ, ಆದ್ದರಿಂದ ಬಣ್ಣ, ಗಂಡೋ ಹೆಣ್ಣೋ, ಹಲ್ಲಿನ ವಯಸ್ಸು ಮೂರೂ ತಾಳೆಯಾದರೆ ಮಾತ್ರ ಫೋನ್. ಹತ್ತರಲ್ಲಿ ಆರೇಳು ಓದುತ್ತೇನೆ. ನಮ್ಮ ಗುಂಪಿನಲ್ಲಿ ಇಷ್ಟು ಯಾರಿಗೂ ಆಗಲ್ಲ, ಬೇಕಾದರೆ ಕೇಳಿ ನೋಡಿ.

ಫೋನ್ ಯಾರಿಗೆ ಅನ್ನುವುದೇ ಮುಖ್ಯ. ಮಾರಿದವನು ಕೊಡಲ್ಲ, ನಕ್ಕವರು ಹೇಳಿದ್ದು ಸರಿಯೇ. ಆಮಿಷ್ ಯಜಮಾನನಿಗೆ ಮಾಡಿದರೆ ಹೊಲದ ಮೂಲೆಯ ಫೋನ್ ಡಬ್ಬದಲ್ಲಿ ಮೆಸೇಜು ಬೀಳುತ್ತದೆ. ಅವನು ಕೇಳಿಸಿಕೊಳ್ಳುವ ಹೊತ್ತಿಗೆ ಕುದುರೆ ಗಡಿ ದಾಟಿರುತ್ತದೆ. ಕೊಡುವವರು ಎರಡು ಮೂರು ಕೈ ಹಿಂದಿನವರು. ಮರಿ ಹಾಕಿಸಿದವರು, ಅದನ್ನು ಓಡಿಸಿ ಎರಡು ರೇಸ್ ಗೆದ್ದ ಟ್ರೇನರು, ಮೈ ಉಜ್ಜುತ್ತಿದ್ದ ಗ್ರೂಮ್. ಅವರು ಅದನ್ನು ಒಳ್ಳೆ ಮನೆಗೆ ಕೊಟ್ಟೆವು ಅಂದುಕೊಂಡೇ ಇರುತ್ತಾರೆ. ಒಬ್ಬ ಮುದುಕ ಮರಿಯಾಗಿದ್ದಾಗಿನ ಅಡ್ಡಹೆಸರು ಹೇಳಿ, "ಎಡ ಹಿಂಗಾಲು ಬಿಳಿ ತಾನೇ?" ಅಂದ. ಬಿಳಿಯೇ. ಸಂಜೆಗೆ ಮಗನ ಟ್ರೇಲರ್ ಕಳಿಸಿದ.

ಕುದುರೆ ಕೊಂಡುಕೊಳ್ಳಿ ಅಂತ ನಾನು ಕೇಳುವುದಿಲ್ಲ. ಕೇಳಿದರೆ ಫೋನ್ ಇಡುತ್ತಾರೆ. ಕ್ವಾರಂಟೈನಿನ ಒಂದು ತಿಂಗಳ ಖರ್ಚು, ನಾನೂರು ನಾನೂರೈವತ್ತು ಡಾಲರ್, ಅಷ್ಟೇ ಕೇಳುತ್ತೇನೆ. ಅಷ್ಟು ಕೊಟ್ಟವರು ಮುಂದೆ ತಾವಾಗಿಯೇ ಜಾಗ ಹುಡುಕುತ್ತಾರೆ. ಮೊದಲ ವಾಕ್ಯ ಏನು ಹೇಳುತ್ತೇನೆ ಅಂತ ಬಹಳ ಜನ ಕೇಳಿದ್ದಾರೆ. ಅದು ನನ್ನ ಹತ್ತಿರವೇ ಇರಲಿ. 'ಕಸಾಯಿಖಾನೆ' ಅಂತ ಮಾತ್ರ ಮೊದಲೇ ಅನ್ನಬೇಡಿ, ವಂಚನೆ ಫೋನ್ ಅಂದುಕೊಳ್ಳುತ್ತಾರೆ.

ಈಗಿನ ಲೆಕ್ಕ ಹೇಳುತ್ತೇನೆ. ಹೀಗೆ ಬಿಡಿಸಿದ್ದು ನಲವತ್ತರ ಆಸುಪಾಸು. ಮೂರರಲ್ಲಿ ಒಂದು ಫೋನು ಫಲ ಕೊಡುತ್ತದೆ. ನಮ್ಮ ಕೈಯಿಂದ ಹೋಗುವುದು ಕುದುರೆಗೆ ಐನೂರು ಆರುನೂರು. ಕೆಲವು ಸಲ ಸೊನ್ನೆ. ಎರಡು ಮೂರು ಕುದುರೆಗಳ ಕಾಲು ಪೂರ್ತಿ ಹೋಗಿತ್ತು. ಅವಕ್ಕೆ ಡಾಕ್ಟರ್ ಕರೆಸಿ ನೋವಿಲ್ಲದೆ ಪ್ರಾಣ ಹೋಗುವ ಸೂಜಿ ಹಾಕಿಸಿದೆವು. ಅದೂ ಇದೇ ಕೆಲಸದ ಭಾಗ ಅಂತ ನನ್ನ ಲೆಕ್ಕ. ಲಾರಿಯಲ್ಲಿ ನಿಂತು ಒದ್ದಾಡುವುದಕ್ಕಿಂತ ಜಾಸ್ತಿ ದಯೆ ಅದರಲ್ಲಿದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ನಮ್ಮೂರು ಕುಣಿಗಲ್ ಹತ್ತಿರ. ಅಲ್ಲಿನ ಸ್ಟಡ್ ಫಾರಂ ನೋಡಿ ಬೆಳೆದವನು, ಹಾಗಾಗಿ ಚೇತರಿಸಿಕೊಂಡ ಒಂದಕ್ಕೆ ಹುರುಳಿ ಬೇಯಿಸಿ ಹಾಕೋಣ ಅಂತ ಇಲ್ಲಿನ ಎಡಿಸನ್ ಊರಿನ ಅಂಗಡಿಯಿಂದ ಚೀಲ ತಂದೆ. ಪೆನ್ಸಿಲ್ವೇನಿಯಾದ ಕುದುರೆ ಮೂಸಿ ನೋಡಿ ಮುಖ ತಿರುಗಿಸಿತು. ಬಸ್ಸಾರು ಆಯಿತು, ಒಂದು ತಿಂಗಳು ತಿಂದೆವು. ಎಲುಬು ಕಾಣುವಷ್ಟು ಸೊರಗಿದ್ದಕ್ಕೆ ಕಾಳು ಗೀಳು ಬೇಡ. ಆಲ್ಫಾಲ್ಫಾ ಹುಲ್ಲು ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ.

ಇನ್ನೊಂದು ಪ್ರಯೋಗ ಕಾಗದದ್ದು. ಕೆನಡಾದಲ್ಲಿ 2010ರಿಂದ ಪ್ರತಿ ಕುದುರೆಗೂ ಔಷಧದ ವಿವರ ಬರೆದ ದಾಖಲೆ ಬೇಕು. ನೋವಿಗೆ ಕೊಡುವ ಬ್ಯೂಟ್ ಯಾವತ್ತಾದರೂ ಕೊಟ್ಟಿದ್ದರೆ ಆ ಮಾಂಸ ತಿನ್ನುವ ಹಾಗಿಲ್ಲ. ರೇಸ್ ಕುದುರೆಗೆ ಬ್ಯೂಟ್ ಕೊಡದಿರುವವರು ಯಾರಿದ್ದಾರೆ? ಆದರೆ ಸೋಮವಾರ ಕೊಂಡ ವ್ಯಾಪಾರಿಯೇ ಆ ಕಾಗದಕ್ಕೆ ಸಹಿ ಹಾಕುತ್ತಾನೆ. ಬಿಡಿಸಲಾಗದೆ ಹೋದ ಕುದುರೆಗಳ ಹಳೇ ಯಜಮಾನರಿಂದ "ಇದಕ್ಕೆ ಬ್ಯೂಟ್ ಕೊಟ್ಟಿದ್ದೆವು" ಅಂತ ಬರೆಸಿ, ಕತ್ತಿನ ಫೋಟೋ ಸಮೇತ ಅಲ್ಲಿನ ಅಧಿಕಾರಿಗಳಿಗೆ ಕಳಿಸಿದೆ. ಸಿಕ್ಕಿದೆ ಅಂತ ಉತ್ತರ ಬಂತು, ಅಷ್ಟೇ. ಕಳಿಸುವುದನ್ನು ನಿಲ್ಲಿಸಿಲ್ಲ.

ಸವಾರಿ ರೇಸಿನ ಥರೋಬ್ರೆಡ್ ತಳಿಗಾದರೆ ತುಟಿಯೊಳಗೆ ಹಚ್ಚೆ, 2017ರಿಂದ ಹುಟ್ಟಿದವಕ್ಕೆ ಚಿಪ್. ಅವಕ್ಕೂ ಇದೇ ದಾರಿ ನಡೆಯುತ್ತದೆ. ನಡೆಯದಿರುವುದು ಬೆಲ್ಜಿಯನ್ ಥರದ ಉಳುವ ಕುದುರೆಗಳಿಗೆ. ಅವುಗಳ ಕತ್ತಿನಲ್ಲಿ ಏನೂ ಇರಲ್ಲ, ತೂಕ ಎರಡು ಸಾವಿರ ಪೌಂಡ್, ವ್ಯಾಪಾರಿಗೆ ಅವೇ ಬೇಕು. ಅವುಗಳ ಕಾಗಿನ್ಸ್ ಪರೀಕ್ಷೆಯ (ಕುದುರೆಗಳಿಗೆ ಹರಡುವ ರಕ್ತಹೀನತೆ ರೋಗ ಇದೆಯಾ ಅಂತ ನೋಡುವ ರಕ್ತಪರೀಕ್ಷೆ) ಕಾಗದದಲ್ಲಿ ಯಜಮಾನನ ಹೆಸರು, ಲಾಯದ ವಿಳಾಸ ಇರುತ್ತದೆ. ಹರಾಜಿನ ದಿನವೇ ರಕ್ತ ತೆಗೆದಿದ್ದರೆ ಅದೂ ಪ್ರಯೋಜನ ಇಲ್ಲ. ಹಳೇ ಕಾಗಿನ್ಸ್ ಕಾಗದ ಹೇಗೆ ಹಿಡಿಯುವುದು ಅಂತ ಯಾರಾದರೂ ದಾರಿ ಕಂಡುಕೊಂಡಿದ್ದರೆ ತಿಳಿಸಿ. ಬದಲಿಗೆ ಆ ಮೊದಲ ವಾಕ್ಯ ಹೇಳಿಕೊಡುವುದನ್ನು ಯೋಚಿಸುತ್ತೇನೆ.